ಕೋರ್ಟು ಏನನ್ನು ನೋಡಿತು ಎಂಬುದನ್ನು ಕಡತ ಹೇಳಬೇಕು

1945ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದ ನ್ಯಾಯಭವನವನ್ನು ಯುದ್ಧಾಪರಾಧಗಳ ವಿಚಾರಣೆಗೆ ಸಜ್ಜುಗೊಳಿಸುವ ಕೆಲಸ ಅಮೆರಿಕದ ವಾಸ್ತುಶಿಲ್ಪಿ ಡ್ಯಾನ್ ಕೈಲಿ ಅವರ ಪಾಲಿಗೆ ಬಂತು. 600ನೇ ಸಂಖ್ಯೆಯ ಆ ಕೋರ್ಟ್ ಹಾಲಿನಲ್ಲಿ ಅವರು ಮಾಡಿದ ಒಂದು ಬದಲಾವಣೆ ಇವತ್ತಿಗೂ ಯೋಚಿಸುವಂಥದ್ದು. ನ್ಯಾಯಾಧೀಶರು ಸಾಮಾನ್ಯವಾಗಿ ಕೂರುವ ಗೋಡೆಗೆ ಸಿನಿಮಾ ಪರದೆ ಬಂತು. ನ್ಯಾಯಪೀಠ ಪಕ್ಕದ ಕಿಟಕಿಗಳ ಸಾಲಿಗೆ ಸರಿಯಿತು. ಆ ವರ್ಷದ ನವೆಂಬರ್ 29ರಂದು ದೀಪ ಆರಿಸಿ, ನಾಜಿ ಯಾತನಾ ಶಿಬಿರಗಳಲ್ಲಿ ಮಿತ್ರಸೇನೆ ಸೆರೆಹಿಡಿದಿದ್ದ ಸುಮಾರು ಒಂದು ಗಂಟೆಯ ಚಿತ್ರವನ್ನು ಅಲ್ಲಿ ತೋರಿಸಿದರು. ಹಾಲೆಲ್ಲ ಕತ್ತಲಾದರೂ ಆರೋಪಿಗಳ ಕಟಕಟೆಯ ಅಂಚಿನಲ್ಲಿ ಮಾತ್ರ ದೀಪಗಳು ಉರಿಯುತ್ತಿದ್ದವು. ಪರದೆಯ ಮೇಲಿನ ಶವಗಳ ರಾಶಿಯನ್ನು ನೋಡುತ್ತ ಗೋರಿಂಗ್, ಹೆಸ್ ಮೊದಲಾದ ನಾಜಿ ನಾಯಕರ ಮುಖ ಹೇಗಾಗುತ್ತದೆಂದು ಉಳಿದವರು ನೋಡಲಿ ಎಂದು ಈ ಏರ್ಪಾಟು. ಸೆರೆಮನೆಯ ಮನಶ್ಶಾಸ್ತ್ರಜ್ಞ ಗುಸ್ಟಾವ್ ಗಿಲ್ಬರ್ಟ್ ಅದನ್ನೆಲ್ಲ ಟಿಪ್ಪಣಿ ಮಾಡಿಕೊಂಡರು.

ಆ ಚಿತ್ರ ಶುರುವಾದದ್ದು ಶಿಬಿರದ ದೃಶ್ಯದಿಂದಲ್ಲ, ಪ್ರಮಾಣಪತ್ರಗಳಿಂದ. ಚಿತ್ರೀಕರಣದ ಹೊಣೆ ಹೊತ್ತಿದ್ದ ಹಾಲಿವುಡ್ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಮತ್ತು ನೌಕಾಪಡೆಯ ಛಾಯಾಚಿತ್ರ ತಜ್ಞ ರೇ ಕೆಲಾಗ್ ಪ್ರಮಾಣ ಮಾಡಿ ಹೇಳಿದ್ದರು: ಈ ಚಿತ್ರಗಳನ್ನು ತಿದ್ದಿಲ್ಲ, ಮೂಲದಲ್ಲಿ ಇದ್ದಂತೆಯೇ ಇವೆ. ಕ್ಯಾಮೆರಾ ಸುಳ್ಳು ಹೇಳಬಲ್ಲದು ಎಂಬ ಅನುಮಾನ ಆಗಲೇ ಇತ್ತು, ಅದಕ್ಕೆ ಉತ್ತರವೂ ಸಿದ್ಧವಾಗಿತ್ತು.

ಆ ದಿನ ನ್ಯೂರೆಂಬರ್ಗ್‌ನಲ್ಲಿ ಎರಡು ಪ್ರಶ್ನೆಗಳು ಒಟ್ಟಿಗೆ ಎದ್ದವು. ಈ ದೃಶ್ಯ ಅಸಲಿಯೇ ಎಂಬುದು ಮೊದಲನೆಯದು. ಅದನ್ನು ಹೇಗೆ ತೋರಿಸಬೇಕು, ಎಲ್ಲಿ, ಯಾರೆದುರು, ಯಾವ ಬೆಳಕಿನಲ್ಲಿ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಯ ಸುತ್ತ ಇಂದು ರಾಶಿರಾಶಿ ಕಾನೂನು ಬೆಳೆದಿದೆ. ಎರಡನೆಯದನ್ನು ನಾವು ಭಾರತದಲ್ಲಿ ಬಹುಪಾಲು ಕೋರ್ಟ್ ಸಿಬ್ಬಂದಿಯ ಜಾಣ್ಮೆಗೆ ಮತ್ತು ವಕೀಲರ ಲ್ಯಾಪ್‌ಟಾಪಿಗೆ ಬಿಟ್ಟುಬಿಟ್ಟಿದ್ದೇವೆ. ಇದು ಇನ್ನು ಮುಂದೆ ನಡೆಯುವ ಮಾತಲ್ಲ.

ಏಕೆಂದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಡಿಯೊವನ್ನು ತನಿಖೆಯ ನಿತ್ಯದ ಕೆಲಸವಾಗಿಸಿದೆ. ಅದರ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯ ಇಡೀ ಪ್ರಕ್ರಿಯೆಯನ್ನು, ಪಂಚರು ಪಟ್ಟಿಗೆ ಸಹಿ ಹಾಕುವುದೂ ಸೇರಿದಂತೆ, ಧ್ವನಿ-ದೃಶ್ಯ ಸಮೇತ ದಾಖಲಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸುವುದನ್ನೂ ಚಿತ್ರೀಕರಿಸಬೇಕೆನ್ನುತ್ತದೆ 176ನೇ ಕಲಮು. ಪೊಲೀಸರು ಮೊಬೈಲಿನಲ್ಲೇ ಇದನ್ನು ಮಾಡಲೆಂದು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ‘ಇ-ಸಾಕ್ಷ್ಯ’ ಎಂಬ ಆ್ಯಪ್ ರೂಪಿಸಿದೆ. ವಿಡಿಯೊ ಇಲ್ಲದ ಕ್ರಿಮಿನಲ್ ಕಡತವೇ ಅಪರೂಪವಾಗುವ ದಿನ ದೂರವಿಲ್ಲ. ಕೊಲೆ, ಭಯೋತ್ಪಾದನೆಯಂಥ ದೊಡ್ಡ ಪ್ರಕರಣಗಳಲ್ಲಿ ಮಾತ್ರವಲ್ಲ, ತಾಲೂಕು ಕೋರ್ಟಿನ ಕಳವಿನ ಕಡತದಲ್ಲೂ ಅದು ಇರುತ್ತದೆ.

ಮೊದಲ ಪ್ರಶ್ನೆಗೆ, ಅಂದರೆ ಅಸಲಿತನಕ್ಕೆ, ನಮ್ಮ ಕೋರ್ಟುಗಳು ಪಟ್ಟ ಪಾಡನ್ನು ಚುಟುಕಾಗಿ ಹೇಳುತ್ತೇನೆ. ಹಳೆಯ ಸಾಕ್ಷ್ಯ ಕಾಯ್ದೆಗೆ 2000ದಲ್ಲಿ ಸೇರಿದ 65ಬಿ ಕಲಮು, ಕಂಪ್ಯೂಟರಿನಿಂದ ತೆಗೆದ ಪ್ರತಿಗೆ ಪ್ರಮಾಣಪತ್ರ ಬೇಕೆಂದಿತು. ವರ್ಷಗಟ್ಟಲೆ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ. ಕೇರಳದ ಚುನಾವಣಾ ತಕರಾರಾದ ಅನ್ವರ್ ವಿರುದ್ಧ ಬಷೀರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿತು: ಪ್ರಮಾಣಪತ್ರವಿಲ್ಲದ ಸಿಡಿ ಸಾಕ್ಷ್ಯವಲ್ಲ. ಭಾಷಣ, ಹಾಡು, ಘೋಷಣೆಗಳನ್ನು ಬೇರೆ ಸಾಧನಗಳಲ್ಲಿ ರೆಕಾರ್ಡು ಮಾಡಿ, ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ತೆಗೆದ ಸಿಡಿಗಳು ಅವು. 2018ರಲ್ಲಿ ಇನ್ನೊಂದು ಪೀಠ ಸ್ವಲ್ಪ ಸಡಿಲಿಸಿತು. 2020ರ ಜುಲೈ 14ರಂದು ಅರ್ಜುನ್ ಖೋತ್ಕರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮತ್ತೆ ಬಿಗಿಗೊಳಿಸಿತು. ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರದಲ್ಲಿ ಮಧ್ಯಾಹ್ನ 3 ಗಂಟೆಯ ಗಡುವು ಮೀರಿ ನಾಮಪತ್ರ ಸಲ್ಲಿಕೆಯಾಯಿತೇ ಎಂಬುದು ಅಲ್ಲಿಯ ಪ್ರಶ್ನೆ. ಅದಕ್ಕೆ ಉತ್ತರ ಇದ್ದದ್ದು ಚುನಾವಣಾಧಿಕಾರಿಯ ಕಚೇರಿಯ ವಿಡಿಯೊದಲ್ಲಿ. ಮತ್ತೆಮತ್ತೆ ಕೇಳಿದರೂ ಅಧಿಕಾರಿಗಳು ಪ್ರಮಾಣಪತ್ರ ಕೊಡಲಿಲ್ಲ. ಕೈಲಾಗುವುದನ್ನೆಲ್ಲ ಮಾಡಿದವನಿಗೆ ಆಗದ್ದನ್ನು ಮಾಡೆಂದು ಕಾನೂನು ಹಟ ಹಿಡಿಯುವುದಿಲ್ಲ ಎಂದು ಕೋರ್ಟು ಹೇಳಬೇಕಾಯಿತು.

ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಪ್ರಮಾಣಪತ್ರವನ್ನು ಎರಡು ಭಾಗ ಮಾಡಿದೆ. ಒಂದಕ್ಕೆ ಸಾಧನದ ಹೊಣೆ ಹೊತ್ತವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಜೊತೆಗೆ ಕಡತದ ಹ್ಯಾಶ್ ಮೌಲ್ಯ ಬರೆಯಬೇಕು. ವಿಡಿಯೊ ಕಡತವೊಂದನ್ನು ಗಣಿತದ ಸೂತ್ರಕ್ಕೆ ಹಾಕಿ ತೆಗೆಯುವ ಅಕ್ಷರ-ಅಂಕಿಗಳ ಸರಣಿ ಇದು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ 64 ಅಕ್ಷರಗಳು ಬರುತ್ತವೆ. ಒಂದೇ ಒಂದು ಬಿಟ್ ಬದಲಾದರೂ ಇಡೀ ಸರಣಿಯೇ ಬದಲಾಗುತ್ತದೆ. ಕರ್ನಾಟಕ ಹೈಕೋರ್ಟು 2021ರಲ್ಲೇ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಮೊಬೈಲು, ಕಂಪ್ಯೂಟರುಗಳನ್ನು ಹೇಗೆ ಜಪ್ತಿ ಮಾಡಬೇಕು, ಹೇಗೆ ಕಾಪಾಡಬೇಕು ಎಂದು ವಿವರವಾದ ಮಾರ್ಗಸೂಚಿ ಕೊಟ್ಟಿತ್ತು. ಹೊಸ ಕಾಯ್ದೆ ಅದೇ ದಿಕ್ಕಿನಲ್ಲಿದೆ, ಸಂತೋಷ.

ಆದರೆ ಹ್ಯಾಶ್ ಮೌಲ್ಯ ಸರಿಯಾಗಿದ್ದು, ಪ್ರಮಾಣಪತ್ರವೂ ಸರಿಯಾಗಿದ್ದು, ಒಂದಿಷ್ಟೂ ತಿದ್ದದ ವಿಡಿಯೊ ಕೂಡ ನೋಡುವವರನ್ನು ದಾರಿ ತಪ್ಪಿಸಬಲ್ಲದು. ತೋರಿಸುವ ರೀತಿಯೇ ಅದಕ್ಕೆ ಸಾಕು. ಇದಕ್ಕೆ ಲಾಸ್ ಏಂಜಲಿಸ್‌ನ ರಾಡ್ನಿ ಕಿಂಗ್ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

1991ರ ಮಾರ್ಚ್ 3ರ ನಡುರಾತ್ರಿ ಕಳೆದ ಮೇಲೆ ಜಾರ್ಜ್ ಹಾಲಿಡೇ ಎಂಬ ನಿವಾಸಿ ತನ್ನ ಮನೆಯ ಬಾಲ್ಕನಿಯಿಂದ ಸೋನಿ ಕ್ಯಾಮೆರಾದಲ್ಲಿ ಒಂದು ದೃಶ್ಯ ಸೆರೆಹಿಡಿದರು. ನೆಲಕ್ಕೆ ಬಿದ್ದ ಕಿಂಗ್ ಎಂಬ ಕರಿಯ ವ್ಯಕ್ತಿಯನ್ನು ಪೊಲೀಸರು ಲಾಠಿಯಿಂದ ಬಡಿಯುತ್ತಿದ್ದರು, ಒದೆಯುತ್ತಿದ್ದರು. ಟಿವಿಯಲ್ಲಿ ಅದು ಬಿತ್ತರವಾದ ಮೇಲೆ ಪೊಲೀಸರಿಗೆ ಶಿಕ್ಷೆ ಖಚಿತವೆಂದು ಜನ ನಂಬಿದರು. ಟೇಪು ಅಸಲಿಯೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ವಿಚಾರಣೆ ಸಿಮಿ ವ್ಯಾಲಿ ಎಂಬ ಊರಿಗೆ ವರ್ಗವಾಯಿತು. ಅಲ್ಲಿ ಪೊಲೀಸರ ಪರ ವಕೀಲರು ಟೇಪನ್ನು ಬಚ್ಚಿಡಲು ಹೋಗಲಿಲ್ಲ. ಬದಲಿಗೆ ಅದನ್ನೇ ನಿಧಾನಗತಿಯಲ್ಲಿ, ಒಂದೊಂದು ಫ್ರೇಮಾಗಿ ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ಬಲಪ್ರಯೋಗದ ಪರಿಣತನೆಂದು ಬಂದ ಪೊಲೀಸ್ ಅಧಿಕಾರಿಯೊಬ್ಬರು ಪ್ರತಿ ಫ್ರೇಮಿಗೂ ವ್ಯಾಖ್ಯಾನ ಕೊಟ್ಟರು. ಇಗೋ ಇಲ್ಲಿ ಕಿಂಗ್ ಕಾಲು ಮಡಚಿದ, ಇಲ್ಲಿ ಬೆನ್ನು ಮೇಲೆದ್ದಿತು, ಇದು ಎದ್ದು ಬರುವ ಲಕ್ಷಣ. ಆದ್ದರಿಂದ ಮುಂದಿನ ಏಟು. ನೈಜ ವೇಗದಲ್ಲಿ ನೋವಿನಿಂದ ಹೊರಳುವಂತೆ ಕಂಡ ದೇಹ, ತುಂಡರಿಸಿದ ಫ್ರೇಮುಗಳಲ್ಲಿ ಯೋಚಿಸಿ ಯೋಚಿಸಿ ಕೈಕಾಲು ಎತ್ತುವ ದೇಹವಾಯಿತು. ಜ್ಯೂರಿ ಸದಸ್ಯರ ಕಣ್ಣು ಲಾಠಿಗಳನ್ನು ಬಿಟ್ಟು ಕಿಂಗ್‌ನ ಮೈಮೇಲೆ ನೆಟ್ಟಿತು. 1992ರ ಏಪ್ರಿಲ್ 29ರಂದು ಹಲ್ಲೆಯ ಆರೋಪದಿಂದ ಪೊಲೀಸರು ಬಹುತೇಕ ಪಾರಾದರು. ಅದರ ಬೆನ್ನಿಗೇ ಎದ್ದ ದಂಗೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಫೆಡರಲ್ ಕೋರ್ಟಿನಲ್ಲಿ ಅದೇ ಟೇಪು ಮತ್ತೆ ಓಡಿತು. ಆಗ ಇಬ್ಬರಿಗೆ ಶಿಕ್ಷೆಯಾಯಿತು.

ಮಾನವಶಾಸ್ತ್ರಜ್ಞ ಚಾರ್ಲ್ಸ್ ಗುಡ್ವಿನ್ 1994ರಲ್ಲಿ ಈ ವಿಚಾರಣೆಯನ್ನು ವಿಶ್ಲೇಷಿಸಿ ಬರೆದ ಲೇಖನ ಪ್ರಸಿದ್ಧವಾಗಿದೆ. ಪರಿಣತ ಎನಿಸಿಕೊಂಡವನು ಬೆರಳು ತೋರಿಸಿ, ಹೆಸರಿಟ್ಟು, ವಿಂಗಡಿಸಿ ಕೊಟ್ಟಾಗ ನೋಡುವವರ ಕಣ್ಣು ಅವನ ಕಣ್ಣಾಗುತ್ತದೆ ಎಂಬುದು ಅದರ ಸಾರ. ಅದಾಗಿ ಬಹಳ ವರ್ಷಗಳ ಮೇಲೆ, 2016ರಲ್ಲಿ, ಯೂಜೀನ್ ಕರುಸೊ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಒಂದೇ ಕೃತ್ಯವನ್ನು ನಿಧಾನಗತಿಯಲ್ಲಿ ನೋಡಿದವರಿಗೆ ಅದು ಹೆಚ್ಚು ಉದ್ದೇಶಪೂರ್ವಕವೆಂದು ಅನಿಸಿತು. ಕಾರಣ ಸರಳ: ಆ ವ್ಯಕ್ತಿಗೆ ಯೋಚಿಸಲು ಬೇಕಾದಷ್ಟು ಸಮಯವಿತ್ತು ಎಂಬ ಭಾವನೆ ನಿಧಾನಗತಿಯಿಂದ ಹುಟ್ಟುತ್ತದೆ. ನಿಜವಾದ ಸಮಯ ಇಷ್ಟೇ ಎಂದು ಪರದೆಯ ಮೂಲೆಯಲ್ಲಿ ತೋರಿಸಿದರೂ ಆ ಭಾವನೆ ಪೂರ್ತಿ ಹೋಗಲಿಲ್ಲ. ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಕೊಲೆಗೂ ಕೊಲೆಯಲ್ಲದ ನರಹತ್ಯೆಗೂ ನಡುವಿನ ಗೆರೆ ಬಹುಮಟ್ಟಿಗೆ ನಿಂತಿರುವುದು ಉದ್ದೇಶದ ಮೇಲೆ. ಹಾಗಿರುವಾಗ ಪ್ಲೇಯರಿನ ವೇಗ ಎಷ್ಟಿರಬೇಕು ಎಂಬುದು ತಾಂತ್ರಿಕ ಸಣ್ಣ ವಿಷಯವಾಗಿ ಉಳಿಯುವುದಿಲ್ಲ. ಕ್ರಿಕೆಟ್ಟಿನ ಮೂರನೇ ಅಂಪೈರ್ ನಿಧಾನಗತಿಯಲ್ಲಿ ನೋಡಿ ಚೆಂಡು ಬ್ಯಾಟಿಗೆ ತಾಗಿತೇ ಎಂದು ಹೇಳಬಲ್ಲರು. ಬ್ಯಾಟು ಹಿಡಿದವನ ಮನಸ್ಸಿನಲ್ಲಿ ಏನಿತ್ತೆಂದು ಹೇಳಲಾರರು. ಎಲ್ಲಿ, ಯಾವಾಗ, ಯಾವ ಕೈ ಎಂಬ ಪ್ರಶ್ನೆಗಳಿಗೆ ನಿಧಾನಗತಿ ಬೇಕು. ಏಕೆ ಎಂಬ ಪ್ರಶ್ನೆಗೆ ನೈಜ ವೇಗವೇ ಬೇಕು.

ನಮ್ಮಲ್ಲಿ ಜ್ಯೂರಿ ಇಲ್ಲವಲ್ಲ, ಕಾನೂನು ಓದಿದ ನ್ಯಾಯಾಧೀಶರು ಇಂಥದ್ದಕ್ಕೆಲ್ಲ ಮರುಳಾಗುವುದಿಲ್ಲ ಎಂಬ ವಾದವನ್ನು ಕೇಳಿದ್ದೇನೆ. ನ್ಯಾಯಾಧೀಶರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಆ ವಾದ ನಿಲ್ಲುವುದಿಲ್ಲ. ಜಾರ್ಜಿಯಾ ರಾಜ್ಯದಲ್ಲಿ ಪೊಲೀಸರು ಬೆನ್ನಟ್ಟಿದ ಕಾರೊಂದು ಉರುಳಿ ಚಾಲಕನ ಕೈಕಾಲುಗಳು ಸ್ವಾಧೀನ ಕಳೆದುಕೊಂಡ ಪ್ರಕರಣ 2007ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಪೊಲೀಸ್ ಕಾರಿನ ಕ್ಯಾಮೆರಾದ ವಿಡಿಯೊ ಇತ್ತು. ಅದನ್ನು ನೋಡಿದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿಗೆ ಜನರ ಪ್ರಾಣಕ್ಕೆ ಕುತ್ತು ತರುವ ಓಟ ಕಂಡಿತು. ಜಾನ್ ಪಾಲ್ ಸ್ಟೀವನ್ಸ್ ಒಬ್ಬರಿಗೆ ಅದು ಕಾಣಲಿಲ್ಲ. ವಿಡಿಯೊ ತಾನೇ ಮಾತಾಡುತ್ತದೆ ಎಂಬ ವಿಶ್ವಾಸದಿಂದ ಕೋರ್ಟು ಅದನ್ನು ಸಾರ್ವಜನಿಕರಿಗೂ ತೆರೆದಿಟ್ಟಿತು. ಡ್ಯಾನ್ ಕಹಾನ್ ಮತ್ತಿಬ್ಬರು ಸಂಶೋಧಕರು ಅದೇ ವಿಡಿಯೊವನ್ನು 1,350 ಅಮೆರಿಕನ್ನರಿಗೆ ತೋರಿಸಿದರು. ಬಹುಮತ ಕೋರ್ಟಿನ ಕಡೆಗೇ ಇತ್ತು. ಆದರೆ ನೋಡುಗರ ಹಿನ್ನೆಲೆ, ರಾಜಕೀಯ ನಿಲುವು, ಸಮಾಜದ ಬಗೆಗಿನ ನಂಬಿಕೆ ಬೇರೆಯಾದಂತೆ ಕಂಡದ್ದೂ ಬೇರೆಯಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೋರ್ಟಿನ ಪರದೆಗೆ ಅದಕ್ಕಿಂತ ಒಪ್ಪುವ ನಿಯಮ ಸಿಗುವುದು ಕಷ್ಟ.

ಕ್ಯಾಮೆರಾ ಎತ್ತ ಮುಖ ಮಾಡಿತ್ತು ಎಂಬುದೂ ಮುಖ್ಯ. ಓಹಾಯೊ ವಿಶ್ವವಿದ್ಯಾಲಯದ ಡೇನಿಯಲ್ ಲ್ಯಾಸಿಟರ್ ತಪ್ಪೊಪ್ಪಿಗೆಯ ವಿಡಿಯೊಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಆರೋಪಿಯ ಮುಖ ಮಾತ್ರ ಕಾಣುವ ವಿಡಿಯೊ ನೋಡಿದವರು, ಅವನು ಸ್ವಇಚ್ಛೆಯಿಂದ ಒಪ್ಪಿಕೊಂಡ ಎನ್ನುತ್ತಾರೆ. ಪ್ರಶ್ನೆ ಕೇಳುವ ಪೊಲೀಸನೂ ಸಮನಾಗಿ ಕಾಣುವಂತೆ ತೆಗೆದರೆ ಆ ಅಭಿಪ್ರಾಯ ಸಡಿಲವಾಗುತ್ತದೆ. ನ್ಯೂಜಿಲೆಂಡ್ ಪೊಲೀಸರು ಇಬ್ಬರೂ ಕಾಣುವ ಕ್ರಮವನ್ನೇ ಅನುಸರಿಸುತ್ತಾರೆ. ನಮ್ಮಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ, ನಿಜ. ಆದರೆ ಜಪ್ತಿಯ ವಿಡಿಯೊದಲ್ಲಿ ಚೀಲದಿಂದ ಹೊರಬರುವ ಗಾಂಜಾ ಮಾತ್ರ ಕಾಣುತ್ತದೋ, ಆ ಚೀಲವನ್ನು ಅಲ್ಲಿಗೆ ತಂದವರು ಯಾರೆಂಬುದೂ ಕಾಣುತ್ತದೋ ಎಂಬ ವ್ಯತ್ಯಾಸದ ಮೇಲೆ ಒಬ್ಬ ಮನುಷ್ಯನ ಹತ್ತು ವರ್ಷ ನಿಂತಿರಬಹುದು.

ಇನ್ನು ನಮ್ಮ ಕೋರ್ಟುಗಳ ದಿನನಿತ್ಯದ ಸಂಗತಿಗೆ ಬರೋಣ. ಸಿಸಿಟಿವಿಯ ದೃಶ್ಯ ಇರುವುದು ಡಿವಿಆರ್ ಪೆಟ್ಟಿಗೆಯಲ್ಲಿ. ಅದರ ಹಾರ್ಡ್‌ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ಕೆಲವು ವಾರಗಳಲ್ಲಿ ಹಳೆಯದು ಅಳಿದುಹೋಗುತ್ತದೆ. ವಾರಾಣಸಿಯ ಹೋಟೆಲಿನಲ್ಲಿ 2010ರಲ್ಲಿ ಜೊತೆಗಾರನನ್ನು ಕೊಂದರೆಂದು ಇಬ್ಬರು ಇಟಲಿ ಪ್ರವಾಸಿಗರಿಗೆ ಶಿಕ್ಷೆಯಾಗಿತ್ತು. ಹೋಟೆಲಿನಲ್ಲಿ ಕ್ಯಾಮೆರಾ ಇತ್ತು, ಆದರೆ ಆ ದೃಶ್ಯವನ್ನು ಕೋರ್ಟಿಗೆ ತರಲೇ ಇಲ್ಲ. ಕೈಯಲ್ಲಿದ್ದ ಅತ್ಯುತ್ತಮ ಸಾಕ್ಷ್ಯವನ್ನು ತರದಿದ್ದರೆ ಅದು ನಿಮ್ಮ ವಿರುದ್ಧವೇ ಎಂದು ಭಾವಿಸಬಹುದು ಎಂದ ಸುಪ್ರೀಂ ಕೋರ್ಟು 2015ರಲ್ಲಿ ಇಬ್ಬರನ್ನೂ ಬಿಡುಗಡೆ ಮಾಡಿತು.

ತಂದ ದೃಶ್ಯಕ್ಕೂ ತೊಡಕುಗಳಿವೆ. ಡಿವಿಆರ್‌ನ ಗಡಿಯಾರ ತಪ್ಪು ಸಮಯ ತೋರಿಸಬಹುದು. ಜಪ್ತಿ ಮಾಡುವಾಗಲೇ ನಿಜವಾದ ಸಮಯದೊಂದಿಗೆ ಹೋಲಿಸಿ ಮಹಜರಿನಲ್ಲಿ ಬರೆಯದಿದ್ದರೆ ಆಮೇಲೆ ಅದನ್ನು ಸರಿಪಡಿಸುವ ದಾರಿಯಿಲ್ಲ. ಹಲವು ಕಂಪನಿಗಳ ಡಿವಿಆರ್‌ಗೆ ಅದರದೇ ಪ್ಲೇಯರ್ ಬೇಕು. ಅದಿಲ್ಲವೆಂದು ಬೇರೆ ರೂಪಕ್ಕೆ ಬದಲಾಯಿಸಿದಾಗ ಫ್ರೇಮುಗಳು ಬಿಟ್ಟುಹೋಗಬಹುದು, ಓಟ ನಡಿಗೆಯಾಗಿ ನಡಿಗೆ ಓಟವಾಗಿ ಕಾಣಬಹುದು. ಚೌಕಾಕಾರದ ದೃಶ್ಯವನ್ನು ಅಗಲ ಪರದೆಗೆ ಎಳೆದರೆ ತೆಳ್ಳಗಿನವನು ದಪ್ಪಗಾಗುತ್ತಾನೆ, ಇಬ್ಬರ ನಡುವಿನ ಅಂತರ ಹಿಗ್ಗುತ್ತದೆ. ದೊಡ್ಡದು ಮಾಡಿ ನೋಡಿದರೆ ಇಲ್ಲದ ಚುಕ್ಕೆಗಳನ್ನು ಸಾಫ್ಟ್‌ವೇರ್ ತಾನೇ ತುಂಬುತ್ತದೆ. 2021ರಲ್ಲಿ ಅಮೆರಿಕದ ಕೆನೋಶಾದಲ್ಲಿ ಕೈಲ್ ರಿಟನ್‌ಹೌಸ್ ವಿಚಾರಣೆಯ ವೇಳೆ ಇದರ ಮೇಲೆಯೇ ಜಗಳವಾಯಿತು. ಪ್ರಾಸಿಕ್ಯೂಷನ್ ಐಪ್ಯಾಡಿನಲ್ಲಿ ಬೆರಳಿಂದ ಹಿಗ್ಗಿಸಿ ತೋರಿಸಹೊರಟಾಗ, ಹಿಗ್ಗಿಸುವುದರಿಂದ ಚಿತ್ರ ಬದಲಾಗುವುದಿಲ್ಲವೆಂದು ನೀವೇ ಸಾಬೀತು ಮಾಡಿ ಎಂದರು ನ್ಯಾಯಾಧೀಶರು. 2024ರಲ್ಲಿ ವಾಷಿಂಗ್ಟನ್ ರಾಜ್ಯದ ಕೋರ್ಟೊಂದು ಕೃತಕ ಬುದ್ಧಿಮತ್ತೆಯಿಂದ ಸ್ಪಷ್ಟಗೊಳಿಸಿದ ವಿಡಿಯೊವನ್ನು ಒಪ್ಪಲೇ ಇಲ್ಲ. ಮಸುಕಾದ ಮುಖವನ್ನು ‘ಚೊಕ್ಕ’ ಮಾಡಿಕೊಡುವ ಆ್ಯಪುಗಳು ಇಂದು ಎಲ್ಲರ ಮೊಬೈಲಿಗೂ ಬರುತ್ತಿವೆ. ಈ ಎಚ್ಚರ ನಮಗೂ ನಾಳೆಯೇ ಬೇಕಾಗುತ್ತದೆ.

ಸೆರೆಹಿಡಿದದ್ದು ಬೇರೆ, ಕಲ್ಪಿಸಿ ಕಟ್ಟಿದ್ದು ಬೇರೆ ಎಂಬ ಭೇದವನ್ನೂ ಇಲ್ಲಿ ಹೇಳಬೇಕು. ಅಪಘಾತವೋ ಗುಂಡೇಟೋ ಹೇಗೆ ನಡೆದಿರಬಹುದೆಂದು ಕಂಪ್ಯೂಟರಿನಲ್ಲಿ ರಚಿಸಿದ ಆನಿಮೇಷನ್ ತಜ್ಞರ ಅಭಿಪ್ರಾಯದ ಚಿತ್ರರೂಪವಷ್ಟೇ. 2006ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಕೊಲೆ ಪ್ರಕರಣವೊಂದರಲ್ಲಿ ಇಂಥದ್ದನ್ನು ಒಪ್ಪುವಾಗ ಗಮನಿಸಿದ್ದೇನೆಂದರೆ, ಅದರಲ್ಲಿ ಶಬ್ದವಿರಲಿಲ್ಲ, ಮುಖಗಳಲ್ಲಿ ಭಾವವಿರಲಿಲ್ಲ, ಕಥೆಯಂತೆ ಸಾಗುವ ನಾಟಕೀಯತೆ ಇರಲಿಲ್ಲ. ನೀರಸವಾಗಿದ್ದುದೇ ಅದರ ಅರ್ಹತೆ. ಸಾವಿರಾರು ಡಾಲರ್ ಖರ್ಚಿನ ಅಂಥ ಆನಿಮೇಷನ್ ಮಾಡಿಸುವ ಶಕ್ತಿ ಆರೋಪಿಗೆ ಇಲ್ಲದಿದ್ದರೆ ಹೇಗೆ ಎಂಬ ಪ್ರಶ್ನೆಯೂ ಅಲ್ಲಿ ಎದ್ದಿತ್ತು. ಕಾನೂನು ನೆರವಿನ ವಕೀಲರನ್ನೇ ನಂಬಿದ ನಮ್ಮ ಆರೋಪಿಗಳ ನೆನಪಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಸಾಕ್ಷಿ ಕಟಕಟೆಯಲ್ಲಿ ನಿಂತವನಿಗೆ ಪರದೆ ತೋರಿಸುತ್ತಾರೆ. ‘ಅಗೋ, ಕೆಂಪು ಶರ್ಟಿನವನು, ಇವನೇ ಸ್ವಾಮಿ’ ಎಂದು ಬೆರಳು ತೋರಿಸುತ್ತಾನೆ. ಬೆರಳಚ್ಚಾಗುವುದು ಹೀಗೆ: ‘ದೃಶ್ಯಾವಳಿಯಲ್ಲಿ ಕಾಣುವ ವ್ಯಕ್ತಿಯನ್ನು ಸಾಕ್ಷಿಯು 2ನೇ ಆರೋಪಿ ಎಂದು ಗುರುತಿಸಿದರು.’ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು? ಆ ಫ್ರೇಮಿನಲ್ಲಿ ಎಷ್ಟು ಜನರಿದ್ದರು? ನಿಧಾನಗತಿಯಲ್ಲಿತ್ತೇ, ನಿಲ್ಲಿಸಿದ್ದರೇ, ಹಿಗ್ಗಿಸಿದ್ದರೇ? ಪಾಟೀ ಸವಾಲಿನಲ್ಲಿ ಆರೋಪಿ ಪರ ವಕೀಲರು ಇನ್ನೊಂದು ತುಣುಕು ತೋರಿಸಿ ಕೇಳಿದರೆ ಅದು ಯಾವುದು? ವರ್ಷಗಳ ಮೇಲೆ ಮೇಲ್ಮನವಿ ಹೈಕೋರ್ಟಿಗೆ ಹೋದಾಗ ನ್ಯಾಯಮೂರ್ತಿಗಳ ಕೈಗೆ ಸಿಗುವುದು ಆ ಒಂದು ಸಾಲು, ಜೊತೆಗೆ ಹಲವು ಗಂಟೆಗಳ ದೃಶ್ಯ ತುಂಬಿದ ಒಂದು ಪೆನ್‌ಡ್ರೈವ್. ಕೆಳಗಿನ ಕೋರ್ಟು ಯಾವುದನ್ನು ನೋಡಿ ನಂಬಿತೋ ಅದನ್ನು ಮೇಲಿನ ಕೋರ್ಟು ಹುಡುಕಿ ತೆಗೆಯುವುದು ಹೇಗೆ?

ಈ ತೊಡಕಿಗೆ ಒಳ್ಳೆಯ ಪರಿಹಾರವನ್ನು ನಾನು ಕಂಡದ್ದು ಕೋರ್ಟಿನಲ್ಲಲ್ಲ, ಒಂದು ವಿಚಾರಣಾ ಆಯೋಗದಲ್ಲಿ. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿಯಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಮಂದಿ ಅಂದೇ ಸತ್ತರು. ಆ ‘ರಕ್ತಸಿಕ್ತ ಭಾನುವಾರ’ದ ಬಗ್ಗೆ ಲಾರ್ಡ್ ಸ್ಯಾವಿಲ್ ಆಯೋಗ ಸಾಕ್ಷಿಗಳನ್ನು ಕೇಳತೊಡಗಿದ್ದು ಸುಮಾರು ಮೂರು ದಶಕ ಕಳೆದ ಮೇಲೆ. ಅಷ್ಟರಲ್ಲಿ ರಾಸ್ವಿಲ್ ಫ್ಲ್ಯಾಟ್‌ಗಳಂಥ ಮುಖ್ಯ ಕಟ್ಟಡಗಳನ್ನು ಕೆಡವಿ ಜಾಗದ ಚಹರೆಯೇ ಬದಲಾಗಿತ್ತು. ಆದ್ದರಿಂದ 1972ರಲ್ಲಿ ಆ ಪ್ರದೇಶ ಹೇಗಿತ್ತೋ ಹಾಗೆಯೇ ಕಂಪ್ಯೂಟರಿನಲ್ಲಿ ಕಟ್ಟಿದರು. ಸಾಕ್ಷಿ ಹೇಳುವವರು ಪರದೆಯ ಮೇಲೆ ತಾವು ನಿಂತಿದ್ದ ಮೂಲೆಗೆ ಹೋಗಿ ಸುತ್ತ ನೋಡಬಹುದಿತ್ತು. ಮುಟ್ಟುವ ಪರದೆಯ ಮೇಲೆ ಬಾಣದ ಗುರುತು ಹಾಕಿ, ಸೈನಿಕ ಇಲ್ಲಿದ್ದ, ಹುಡುಗ ಇಲ್ಲಿ ಬಿದ್ದ ಎಂದು ತೋರಿಸಬಹುದಿತ್ತು. ಗುರುತು ಹಾಕಿದ ಆ ಚಿತ್ರ ಆ ಸಾಕ್ಷಿಯ ಹೆಸರಿನಲ್ಲಿ ದಾಖಲೆಯಾಗಿ ಉಳಿಯುತ್ತಿತ್ತು. 900ಕ್ಕೂ ಹೆಚ್ಚು ಮಂದಿ ಖುದ್ದಾಗಿ ಸಾಕ್ಷ್ಯ ಹೇಳಿದ ಆಯೋಗ ಅದು. ‘ಇಲ್ಲಿ’, ‘ಅಲ್ಲಿ’ ಎಂಬ ಮಾತುಗಳು ಗಾಳಿಗೆ ಹೋಗದೆ ಕಡತಕ್ಕೆ ಇಳಿದವು. 2010ರ ಜೂನ್‌ನಲ್ಲಿ ಬಂದ ವರದಿ, ಸತ್ತವರಲ್ಲಿ ಯಾರೂ ಸೈನಿಕರ ಜೀವಕ್ಕೆ ಅಪಾಯ ತಂದಿರಲಿಲ್ಲ ಎಂದು ಹೇಳಿತು. ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದರು.

2016ರಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವೂ ಇಂಥದ್ದೊಂದು ಏರ್ಪಾಟು ಮಾಡಿತು. ಮಾಲಿ ದೇಶದ ಟಿಂಬಕ್ಟುವಿನಲ್ಲಿ ಸಂತರ ಗೋರಿಗಳನ್ನು ಕೆಡವಿದ ಅಲ್ ಮಹ್ದಿಯ ವಿಚಾರಣೆಯಲ್ಲಿ ಉಪಗ್ರಹ ಚಿತ್ರ, ಹಳೆಯ ಫೋಟೊ, ಕೆಡವುವಾಗಿನ ವಿಡಿಯೊ ಎಲ್ಲವನ್ನೂ ಒಂದೇ ನಕ್ಷೆಗೆ ಪೋಣಿಸಿದ್ದರು. ಯಾವ ತುಣುಕು ಯಾವ ಗೋರಿಯದು ಎಂಬ ಗೊಂದಲಕ್ಕೆ ಎಡೆಯಿರಲಿಲ್ಲ.

ನಮ್ಮ ಸುಪ್ರೀಂ ಕೋರ್ಟು 2025ರಲ್ಲಿ ಮಹಾರಾಷ್ಟ್ರದ ಗಾಂಜಾ ಪ್ರಕರಣವೊಂದರಲ್ಲಿ ಈ ವಿಷಯದ ಹತ್ತಿರಕ್ಕೆ ಬಂದಿತ್ತು. ಶೋಧದ ವಿಡಿಯೊದಲ್ಲಿರುವುದನ್ನು ಸಾಕ್ಷಿಗಳ ಮಾತಿನಲ್ಲಿ ಬರಹಕ್ಕಿಳಿಸಿಲ್ಲ ಎಂಬಂಥ ಕಾರಣಕ್ಕೆ ಹೈಕೋರ್ಟು ಮರುವಿಚಾರಣೆಗೆ ಆದೇಶಿಸಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಬರಹಕ್ಕಿಳಿಸಿದರೆ ಮಾತ್ರ ವಿಡಿಯೊ ಸಾಕ್ಷ್ಯವಾಗುತ್ತದೆಂದು ಕಾನೂನು ಹೇಳುವುದಿಲ್ಲ ಎಂದಿತು. ಸಾಕ್ಷ್ಯವಾಗಿ ಒಪ್ಪುವ ಮಟ್ಟಿಗೆ ಅದು ಸರಿಯಾದ ಮಾತು. ಹಾಗಿಲ್ಲದಿದ್ದರೆ ಸಾವಿರಾರು ವಿಚಾರಣೆಗಳು ಮತ್ತೆ ಮೊದಲಿನಿಂದ ಶುರುವಾಗಬೇಕಾದೀತು. ಆದರೆ ಒಪ್ಪಿಕೊಂಡ ಮೇಲೆ ಕೋರ್ಟು ಅದರಲ್ಲಿ ಏನನ್ನು ಕಂಡಿತೆಂದು ಬರೆಯುವ ಅಗತ್ಯ ಇದರಿಂದ ಕಡಿಮೆಯಾಗಲಿಲ್ಲ, ಹೆಚ್ಚಾಯಿತು ಎಂದೇ ನನ್ನ ಎಣಿಕೆ.

ಯಾರು ನೋಡಬೇಕು, ಯಾರು ನೋಡಬಾರದು ಎಂಬ ಪ್ರಶ್ನೆಗೂ ಉತ್ತರ ಬೇಕು. ಕೇರಳದಲ್ಲಿ ನಟಿಯೊಬ್ಬರ ಮೇಲೆ 2017ರಲ್ಲಿ ನಡೆದ ಲೈಂಗಿಕ ದೌರ್ಜನ್ಯದ ದೃಶ್ಯವಿದ್ದ ಮೆಮೊರಿ ಕಾರ್ಡಿನ ಪ್ರತಿಯನ್ನು ತನಗೆ ಕೊಡಬೇಕೆಂದು ಆರೋಪಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2019ರ ನವೆಂಬರ್‌ನಲ್ಲಿ ಕೋರ್ಟು ದಾರಿಯೊಂದನ್ನು ಕಂಡುಕೊಂಡಿತು. ಆ ದೃಶ್ಯ ದಾಖಲೆಯೇ, ಆದರೆ ಪ್ರತಿ ಕೊಡುವಂತಿಲ್ಲ. ಆರೋಪಿ ತನ್ನ ವಕೀಲರು ಮತ್ತು ತಜ್ಞರ ಜೊತೆ ಬಂದು ನೋಡಬಹುದು. ಸಂತ್ರಸ್ತೆಯ ಘನತೆ ಮತ್ತು ಆರೋಪಿಯ ಹಕ್ಕು ಎರಡನ್ನೂ ಉಳಿಸುವ ಆ ತೀರ್ಪು ನನಗೆ ಬಹಳ ಹಿಡಿಸಿತು. ಆದರೆ ಮುಂದೆ ಅದೇ ಕಾರ್ಡಿನ ಹ್ಯಾಶ್ ಮೌಲ್ಯ ಕೋರ್ಟಿನ ವಶದಲ್ಲಿದ್ದಾಗಲೇ ಬದಲಾಗಿದೆಯೆಂದು ವಿಧಿವಿಜ್ಞಾನ ವರದಿ ಹೇಳಿತು. ಅಂದರೆ ಯಾರೋ ಅದನ್ನು ತೆರೆದಿದ್ದರು. 2023ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟು ಆ ಬಗ್ಗೆ ವಿಚಾರಣೆಗೆ ಆದೇಶಿಸಬೇಕಾಯಿತು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಸನದಲ್ಲಿ ಇಂಥವೇ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಹಂಚಿಕೆಯಾಗಿ, ಹೆಣ್ಣುಮಕ್ಕಳ ಮುಖ ಕೈಯಿಂದ ಕೈಗೆ ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಇಂಥ ದೃಶ್ಯ ಓಡಿಸುವಾಗ ಹಾಲಿನ ಬಾಗಿಲು ಮುಚ್ಚಬೇಕು. ಪರದೆ ಯಾರ ಕಡೆ ತಿರುಗಿರಬೇಕು, ಯಾರ ಮೊಬೈಲು ಹೊರಗಿರಬೇಕು, ಕಾರ್ಡನ್ನು ಯಾರು ಯಾವಾಗ ತೆರೆದರು ಎಂಬುದೆಲ್ಲ ಬರಹದಲ್ಲಿರಬೇಕು.

ಆರೋಪಿ ನೋಡುವುದು ಮಾತ್ರ ಅವನ ಹಕ್ಕು. ಹೊಸ ಸಂಹಿತೆಯ 308ನೇ ಕಲಮಿನ ಪ್ರಕಾರ ಸಾಕ್ಷ್ಯವನ್ನು ಅವನ ಸಮಕ್ಷಮದಲ್ಲೇ ತೆಗೆದುಕೊಳ್ಳಬೇಕು, ಧ್ವನಿ-ದೃಶ್ಯ ಸಂಪರ್ಕದ ಮೂಲಕವೂ ಆಗಬಹುದು. ಜೈಲಿನ ಕೋಣೆಯೊಂದರಲ್ಲಿ ವಿಡಿಯೊ ಕಾನ್ಫರೆನ್ಸಿನಲ್ಲಿ ಕೂತವನಿಗೆ ಕೋರ್ಟ್ ಹಾಲು ಕಾಣುತ್ತದೆ. ಅಲ್ಲಿ ಓಡುತ್ತಿರುವ ಸಿಸಿಟಿವಿ ದೃಶ್ಯ ಅದರೊಳಗೊಂದು ಮಸುಕು ಚೌಕವಾಗಿ ಮಾತ್ರ ಕಂಡರೆ, ಅವನ ಸಮಕ್ಷಮ ಎಂಬ ಮಾತಿಗೆ ಅರ್ಥವಿಲ್ಲ. ‘ಅದು ನಾನಲ್ಲ, ನನ್ನ ಎಡಗೈಗೆ ಗಾಯವಿತ್ತು’ ಎಂದು ತನ್ನ ವಕೀಲರಿಗೆ ಹೇಳಬಲ್ಲವನು ಅವನೊಬ್ಬನೇ. ಅಂಥ ದಿನ ದೃಶ್ಯದ ಕಡತವನ್ನು ನೇರವಾಗಿ ಜೈಲಿನ ಪರದೆಗೆ ಹಾಯಿಸಬೇಕು, ಇಲ್ಲವೇ ಅವನನ್ನು ಖುದ್ದಾಗಿ ಕರೆತರಬೇಕು.

ಇದಕ್ಕೆಲ್ಲ ಸಂಸತ್ತು ಹೊಸ ಕಾಯ್ದೆ ಮಾಡಬೇಕಿಲ್ಲ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ವಿಚಾರಣೆಗೆ ಮಾದರಿ ನಿಯಮಗಳನ್ನು ಕೊಟ್ಟು, ಎಲ್ಲ ಹೈಕೋರ್ಟುಗಳೂ ಅಳವಡಿಸಿಕೊಳ್ಳಲು ಹೇಳಿತು. ಪ್ರಾಸಿಕ್ಯೂಷನ್ ದಾಖಲೆಗೆ ‘ಪಿ’, ಆರೋಪಿಯದಕ್ಕೆ ‘ಡಿ’, ಮುದ್ದೆಮಾಲಿಗೆ ‘ಎಂಒ’ ಎಂದು ಗುರುತು ಹಾಕುವುದರವರೆಗೆ ಅದು ಹೋಗುತ್ತದೆ. ಕರ್ನಾಟಕಕ್ಕೆ 1968ರಿಂದ ತನ್ನದೇ ಕ್ರಿಮಿನಲ್ ಕಾರ್ಯವಿಧಾನ ನಿಯಮಗಳಿವೆ. ಅವುಗಳಿಗೆ ದೃಶ್ಯ ಸಾಕ್ಷ್ಯದ ಒಂದು ಅಧ್ಯಾಯ ಸೇರಿದರೆ ಸಾಕು. ಪ್ರತಿ ವಿಡಿಯೊವನ್ನೂ ಮೊದಲು ನೈಜ ವೇಗದಲ್ಲಿ, ಪೂರ್ತಿಯಾಗಿ, ಹಿಗ್ಗಿಸದೆ ತೋರಿಸಬೇಕು. ನಿಧಾನಗೊಳಿಸುವುದು, ನಿಲ್ಲಿಸುವುದು ಆಮೇಲೆ, ಕಾರಣ ಬರೆದು. ಸಾಕ್ಷಿ ಬೆರಳು ತೋರಿಸಿದ ಕೂಡಲೇ ಆ ಫ್ರೇಮನ್ನು ಮುದ್ರಿಸಿ, ಸಾಕ್ಷಿಯಿಂದಲೇ ಗುರುತು ಹಾಕಿಸಿ, ಸಹಿ ಮಾಡಿಸಿ, ನಿಶಾನೆ ಸಂಖ್ಯೆ ಕೊಡಬೇಕು. ನಿಮಿಷ-ಸೆಕೆಂಡು ಹೇಳಿಕೆಯಲ್ಲಿ ಬರಬೇಕು. ಯಾವ ಪ್ಲೇಯರ್, ಯಾವ ಪರದೆ, ಯಾರು ಓಡಿಸಿದರು ಎಂಬುದಕ್ಕೆ ದಿನವಹಿಯಲ್ಲಿ ಒಂದು ಸಾಲು ಸಾಕು. ಪ್ರಾಸಿಕ್ಯೂಷನ್‌ಗೆ ಇರುವ ಅದೇ ಪರದೆ, ಅದೇ ಪ್ಲೇಯರ್ ಆರೋಪಿ ಪರ ವಕೀಲರ ಪಾಟೀ ಸವಾಲಿಗೂ ಸಿಗಬೇಕು. ಆರೋಪಿಗೆ ದೋಷಾರೋಪ ಪಟ್ಟಿಯ ಜೊತೆ ಕೊಡುವ ಪ್ರತಿ ಯಾವ ಸಾಧಾರಣ ಕಂಪ್ಯೂಟರಿನಲ್ಲೂ ತೆರೆಯುವಂತಿರಬೇಕು. ತೀರ್ಪಿನಲ್ಲಿ ‘ದೃಶ್ಯಾವಳಿಯನ್ನು ಪರಿಶೀಲಿಸಲಾಯಿತು’ ಎಂದಷ್ಟೇ ಬರೆಯದೆ, ಇಂಥ ಸೆಕೆಂಡಿನಲ್ಲಿ ಇಂಥದ್ದು ಕಂಡಿತು, ಇಂಥದ್ದು ಕಾಣಲಿಲ್ಲ ಎಂದು ನ್ಯಾಯಾಧೀಶರು ಬರೆಯಬೇಕು. ಮೇಲ್ಮನವಿಯಲ್ಲಿ ಅದೇ ಸೆಕೆಂಡಿಗೆ ಹೋಗಿ ನೋಡಿದ ಹೈಕೋರ್ಟು, ನಮಗೆ ಅದು ಹಾಗೆ ಕಾಣುವುದಿಲ್ಲ ಎಂದು ಹೇಳುವ ಅವಕಾಶ ಆಗಲೇ ಹುಟ್ಟುವುದು.